ಜಿಮ್ಮಿಗೆ ವಿಷ ಹಾಕಿದವರು

ವಿಜಯನಗರ,
೨೪-೧೧-೧೯೭೪, ಭಾನುವಾರ

ಗೆಳೆಯ ಚಕ್ರಪಾಣಿಗೆ ವೆಂಕಟಗಿರಿಯ ನಮಸ್ಕಾರಗಳು.

ಇಲ್ಲಿ ನಾನೂ ಅನಂತಲಕ್ಷ್ಮಿಯೂ ಕ್ಷೇಮ. ಮೂರನೆಯವನ ಕ್ಷೇಮದ ವಿಚಾರಕ್ಕೇ ಈ ಕಾಗದ. ಗಾಬರಿಯಾಗಬೇಡ, ನಿನ್ನ ಜಿಮ್ಮಿ ಬದುಕಿದ್ದಾನೆ. ಇದನ್ನು ಬರೆಯುವಾಗ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿದ್ದಾನೆ. ಆದರೆ ನರಕಚತುರ್ದಶಿಯ ದಿನ ಅವನು ಸತ್ತೇ ಹೋದನೆಂದು ತಿಳಿದಿದ್ದೆವು.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಮೊದಲು ಅನುಮಾನ ಬಂದದ್ದು ನಿನ್ನ ಮೇಲೆಯೇ. ರಾಯಚೂರಿಗೆ ವರ್ಗವಾಯಿತು, ಅಲ್ಲಿ ವಠಾರದ ಮನೆ, ನಾಯಿಗೆ ಜಾಗವಿಲ್ಲ ಎಂದು ನೀನು ಅವನನ್ನು ತಂದು ನಮ್ಮ ಗೇಟಿಗೆ ಕಟ್ಟಿ ಹೋದ ದಿನವೇ ಅನಂತಲಕ್ಷ್ಮಿಗೆ ಅಂದಿದ್ದೆ, ನಾಲ್ಕು ವರ್ಷ ಸಾಕಿದ ನಾಯಿಯನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತಾನೆಂದರೆ ಅದಕ್ಕೆ ಏನೋ ರೋಗವಿರಲೇಬೇಕು ಎಂದು. ಹಿಂದೆ ನಿನ್ನ ಹಳೆಯ ಸೈಕಲ್ಲನ್ನು ನನ್ನ ಕೊರಳಿಗೆ ಕಟ್ಟಿದ್ದು ನೀನು ಮರೆತಿರಬಹುದು, ನಾನು ಮರೆತಿಲ್ಲ. ಆ ಅನುಮಾನಕ್ಕೆ ಈಗ ಕ್ಷಮೆ ಕೇಳುತ್ತೇನೆ. ಸೈಕಲ್ಲಿನ ವಿಚಾರ ಬೇರೆ.

ಎರಡನೆಯ ಅನುಮಾನ ಮುನಿತಾಯಮ್ಮನ ಮೇಲೆ. ನೀನು ಅವಳನ್ನು ನೋಡಿಲ್ಲ. ಈ ಲೇಔಟ್ ಆಗುವ ಮೊದಲು ನಮ್ಮ ಬೀದಿಯೆಲ್ಲ ಅವರ ರಾಗಿ ಹೊಲ. ಈಗ ಬೀದಿಯ ಕೊನೆಯಲ್ಲಿ ಹಳೆಯ ಹೆಂಚಿನ ಮನೆ, ಎರಡು ಹಸು ಅವಳಿಗೆ ಉಳಿದಿವೆ. ಬೆಳಿಗ್ಗೆ ಹಸುವನ್ನು ಒಂದೊಂದೇ ಮನೆಯ ಬಾಗಿಲಿಗೆ ಹೊಡೆದುಕೊಂಡು ಬಂದು, ಎದುರಿಗೇ ಹಾಲು ಕರೆದು ಕೊಡುತ್ತಾಳೆ. ನೀರು ಬೆರೆಸುತ್ತಾಳೆಂದು ಯಾರೂ ಅನ್ನಬಾರದಲ್ಲ, ಅದಕ್ಕೆ. ಆದರೂ ನಾನು ಅವಳ ಕೈಯನ್ನೇ ನೋಡುತ್ತಾ ನಿಲ್ಲುವವನು. ಅವಳ ಹೊಲದ ಮೇಲೆ ಮನೆ ಕಟ್ಟಿಕೊಂಡವರ ಮೇಲೆ ಅವಳಿಗೆ ಒಳಗೊಳಗೇ ಹೊಟ್ಟೆಯುರಿ ಇದ್ದೇ ಇರುತ್ತದೆಂಬುದು ನನ್ನ ಲೆಕ್ಕಾಚಾರ. ಅವಳು ಹಾಗೆಂದು ಯಾವತ್ತೂ ಅಂದವಳಲ್ಲ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಜಿಮ್ಮಿ ಅವಳ ಕರುವನ್ನು ಅಟ್ಟಿಸಿಕೊಂಡು ಹೋದ. ಅವಳು ನಮ್ಮ ಗೇಟಿನ ಮುಂದೆ ನಿಂತು, "ಸ್ವಾಮ್ಯೋರೆ, ನಿಮ್ ನಾಯಿನ ಕಟ್ಟಾಕ್ಕೊಳ್ಳಿ. ಇನ್ನೊಂದ್ ಸಲ ಬಂದ್ರೆ ನಾನಂತೂ ಸುಮ್ಕಿರಾಕಿಲ್ಲ," ಎಂದು ಹೇಳಿಹೋದಳು. ಹಬ್ಬದ ಬೆಳಿಗ್ಗೆ ಜಿಮ್ಮಿ ಅವಳ ಮನೆಯ ಕಡೆಯಿಂದ ರಾಗಿರೊಟ್ಟಿಯ ಚೂರೊಂದನ್ನು ಕಚ್ಚಿಕೊಂಡು ಬರುವುದನ್ನು ನಾನೇ ಕಂಡೆ. ಹತ್ತು ಗಂಟೆಯ ಹೊತ್ತಿಗೆ ವಾಂತಿ ಶುರುವಾಯಿತು. ಆಮೇಲೆ ಭೇದಿ. ಹನ್ನೊಂದಕ್ಕೆ ಹಿಂಗಾಲು ಕುಸಿದು ಅಂಗಳದಲ್ಲಿ ಬಿದ್ದ. ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಕರೆದರೆ ಕಿವಿ ಕೂಡ ಅಲುಗಲಿಲ್ಲ.

ನನಗೆ ಇನ್ನೇನು ತೋಚೀತು ಹೇಳು. ಬೀದಿಯ ಮಧ್ಯೆ ನಿಂತು, ಮೂವತ್ತು ವರ್ಷ ಪಾಠ ಹೇಳಿದ ಗಂಟಲಿನಲ್ಲಿ, ಮುನಿತಾಯಮ್ಮ ನಾಯಿಗೆ ವಿಷ ಹಾಕಿದಳೆಂದು ಕೂಗಿದೆ. ಹಬ್ಬದ ದಿನ, ಎಲ್ಲರೂ ಮನೆಯಲ್ಲೇ ಇದ್ದರು. ಎಲ್ಲರೂ ಹೊರಗೆ ಬಂದರು.

ಆಟೋದಲ್ಲಿ ಹಾಕಿಕೊಂಡು ದನದಾಸ್ಪತ್ರೆಗೆ ಓಡಿದೆವು. ರಜೆಯ ದಿನವಾದರೂ ಪುಣ್ಯಕ್ಕೆ ಡಾಕ್ಟರು ಇದ್ದರು. ಎರಡು ಇಂಜೆಕ್ಷನ್ ಕೊಟ್ಟು, ಸಲೈನ್ ಹಾಕಿ, ಒಂದು ದಿನ ಏನೂ ತಿನ್ನಿಸಬೇಡಿ, ನೀರನ್ನು ಮಾತ್ರ ಚಮಚದಲ್ಲಿ ಕೊಡಿ ಎಂದರು. ಆಮೇಲಿನ ಐದು ದಿನ ನಾನು ಪೇಪರ್ ಕೂಡ ಓದಿಲ್ಲ. ಕಾಲು ಗಂಟೆಗೊಮ್ಮೆ ಒಂದು ಚಮಚ ನೀರು, ಅದಕ್ಕೆ ಚಿಟಿಕೆ ಉಪ್ಪು, ಚೂರು ಸಕ್ಕರೆ. ನಮ್ಮ ಮನೆಗೆ ಬಂದು ಇಪ್ಪತ್ತೇ ದಿನವಾದ ನಾಯಿ, ನನ್ನ ಕೈಯನ್ನು ನಂಬದೆ ಮುಖ ತಿರುಗಿಸುತ್ತಿತ್ತು. ನಾನೂ ಯಾರನ್ನೂ ನಂಬದವನೇ, ಆದ್ದರಿಂದ ಬೇಸರವಾಗಲಿಲ್ಲ. ಮೂರನೆಯ ದಿನ ತಿಳಿಗಂಜಿ ನೆಕ್ಕಿದ. ಹೊಟ್ಟೆಯ ಕೆಳಗೆ ನನ್ನ ಪಂಚೆಯನ್ನು ಹಾಯಿಸಿ ಎತ್ತಿ ಹಿಡಿದು ನಡೆಸಿದೆ. ಐದನೆಯ ದಿನ ಬಾಲ ಅಲ್ಲಾಡಿಸಿದಾಗ ಅನಂತಲಕ್ಷ್ಮಿಯ ಎದುರಿಗೇ ಅತ್ತುಬಿಟ್ಟೆ. ಅವಳು ಕಂಡೂ ಕಾಣದವಳಂತೆ ಅಡುಗೆಮನೆಗೆ ಹೋದಳು.

ಆದರೆ ಆ ದಿನಗಳಲ್ಲಿ ಹೊರಗೆ ಬೇರೆಯೇ ಒಂದು ನಡೆದಿತ್ತು. ಬೀದಿಯವರೆಲ್ಲ ಡೈರಿ ಹಾಲಿಗೆ ಹೋಗಿದ್ದಾರೆ. ನಾಯಿಗೆ ವಿಷ ಹಾಕಿದವಳು ಹಾಲಿಗೆ ಹಾಕುವುದಿಲ್ಲವೆಂದು ಏನು ಖಾತ್ರಿ ಎನ್ನುತ್ತಾರೆ. ಮುನಿತಾಯಮ್ಮ ಮಾತ್ರ ಎಂದಿನಂತೆ ಹಸುವನ್ನು ಹೊಡೆದುಕೊಂಡು ಬರುತ್ತಾಳೆ. ಒಂದೊಂದು ಗೇಟಿನ ಮುಂದೂ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಯಾರೂ ಪಾತ್ರೆ ಹಿಡಿದು ಬರುವುದಿಲ್ಲ. ಬಂದ ಹಾಗೆಯೇ ಹಸುವಿನೊಂದಿಗೆ ಹಿಂದಕ್ಕೆ ಹೋಗುತ್ತಾಳೆ. ಇವತ್ತಿಗೆ ಹನ್ನೊಂದು ದಿನ. ಒಂದು ಹಸುವನ್ನು ಕೆಂಗೇರಿಯ ಕಡೆಯವರು ನೋಡಿಕೊಂಡು ಹೋದರಂತೆ.

ಚಕ್ರಪಾಣಿ, ಇಲ್ಲಿಯವರೆಗೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಡಾಕ್ಟರು ಹೇಳಿದ್ದನ್ನು ಬರೆಯದೆ ಬಿಟ್ಟಿದ್ದೇನೆ. ಹಬ್ಬದ ದಿನ ಮುಂಜಾನೆ ಅನಂತಲಕ್ಷ್ಮಿ ನನಗೆ ಮಣೆ ಹಾಕಿ ಎಣ್ಣೆ ಒತ್ತಿದಳು. ನಮ್ಮ ಮನೆ ಸೇರಿದ ಮೇಲೆ ಜಿಮ್ಮಿಯೂ ನಮ್ಮವನೇ, ಅವನಿಗೂ ಹಬ್ಬವಾಗಬೇಡವೇ ಎಂದು ನಾನೇ ಅವನನ್ನು ಕೂರಿಸಿಕೊಂಡೆ. ಅವನ ಕಣ್ಣು ಕೆಂಪಗಿತ್ತು, ಉಷ್ಣವಾಗಿದೆ ಎನಿಸಿ ಹರಳೆಣ್ಣೆಯನ್ನೇ ನೆತ್ತಿಯಿಂದ ಬಾಲದವರೆಗೆ ಚೆನ್ನಾಗಿ ತಿಕ್ಕಿದೆ. ಅನಂತಲಕ್ಷ್ಮಿ, "ನಿಮಗೆ ಬುದ್ಧಿ ಇದೆಯೇನ್ರೀ, ನಾಯಿಗೆ ಯಾರಾದರೂ ಎಣ್ಣೆ ಒತ್ತುತ್ತಾರಾ?" ಎಂದು ಬೈದಳು. ಬಿಸಿನೀರಿನ ಚೊಂಬು ಕಂಡದ್ದೇ ತಡ, ಅವನು ತಪ್ಪಿಸಿಕೊಂಡು ಓಡಿದ. ಸೀಗೆಪುಡಿ ಹಾಕಿ ತೊಳೆಯಲೇ ಇಲ್ಲ. ಬೀದಿ ಸುತ್ತಿ ಬಂದ ಮೇಲೆ ಮೂಲೆಯಲ್ಲಿ ಕೂತು ಮೈಯೆಲ್ಲ ನೆಕ್ಕಿಕೊಂಡಿದ್ದಾನೆ.

ಡಾಕ್ಟರು ಅವನ ಮೈ ಮುಟ್ಟಿ, ಬೆರಳು ಮೂಸಿ ನೋಡಿ, "ಹರಳೆಣ್ಣೆ ಹಚ್ಚಿದೋರು ಯಾರ್ರೀ? ಅದೇನು ತಲೆ ಒರೆಸ್ಕೊಂಡು ಕೂತ್ಕೊಳ್ಳುತ್ತಾ? ನೆಕ್ಕತ್ತೆ. ಒಂದು ಬಟ್ಟಲು ಹರಳೆಣ್ಣೆ ಕುಡಿದ್ರೆ ನಿಮಗೇ ಏನಾಗುತ್ತೆ ಹೇಳಿ. ವಿಷ ಇಲ್ಲ, ಗಿಷ ಇಲ್ಲ," ಎಂದು ನಕ್ಕರು. ಆಟೋದಲ್ಲಿ ಹಿಂದಿರುಗುವಾಗಲೇ ಇಷ್ಟೂ ನನಗೆ ಗೊತ್ತಿತ್ತು. ಬೀದಿಯಲ್ಲಿ ಇಳಿದಾಗ ನಾಲ್ಕು ಜನ ಸುತ್ತಿಕೊಂಡು ಕೇಳಿದರು. ನಾನು, ದೇವರು ದೊಡ್ಡವನು ಎಂದಷ್ಟೇ ಹೇಳಿ ಒಳಗೆ ಬಂದೆ. ಊರಿಗೆಲ್ಲ ಬುದ್ಧಿ ಹೇಳಿದ ಮೇಷ್ಟ್ರು ನಾಯಿಗೆ ಹರಳೆಣ್ಣೆ ಒತ್ತಿ ಭೇದಿ ಮಾಡಿಸಿದ ಎಂದು ಹೇಗೆ ಹೇಳಲಿ?

ಅದಕ್ಕೇ ನಿನ್ನಿಂದ ಒಂದು ಉಪಕಾರ ಬೇಕು. ಈ ಕಾಗದ ತಲುಪಿದ ಕೂಡಲೇ ನನಗೊಂದು ಉತ್ತರ ಬರೆ. ಜಿಮ್ಮಿಗೆ ಚಿಕ್ಕಂದಿನಿಂದಲೂ ಹೊಟ್ಟೆಯ ಕಾಯಿಲೆಯಿತ್ತು, ಕೊಡುವಾಗ ಹೇಳಲು ಮರೆತೆ ಎಂದು ಬರೆ. ಕವರಿನಲ್ಲಿ ಬೇಡ, ಕಾರ್ಡಿನಲ್ಲೇ ಬರೆ. ನಮ್ಮ ಅಂಚೆಯ ಅಂಜಿನಯ್ಯ ಎಲ್ಲರ ಕಾರ್ಡನ್ನೂ ಓದಿಯೇ ಕೊಡುವವನು. ನನ್ನ ಕೈ ಸೇರುವ ಹೊತ್ತಿಗೆ ಬೀದಿಗೆಲ್ಲ ತಿಳಿದಿರುತ್ತದೆ. ಮುನಿತಾಯಮ್ಮನ ಮೇಲಿನ ಅಪವಾದವೂ ಹೋಗುತ್ತದೆ, ನನ್ನ ಮಾನವೂ ಉಳಿಯುತ್ತದೆ. ನಿನಗೇನೂ ನಷ್ಟವಿಲ್ಲ, ನೀನು ರಾಯಚೂರಿನಲ್ಲಿದ್ದೀಯೆ. ಈ ಕವರನ್ನು ಮಾತ್ರ ಮೈದಾ ಗೋಂದಿನಿಂದ ಎರಡು ಸಲ ಅಂಟಿಸಿ ಕಳಿಸುತ್ತೇನೆ. ಅಂಜಿನಯ್ಯನನ್ನು ನಂಬುವ ಹಾಗಿಲ್ಲ.

ನಿನ್ನ ಮನೆಯವರಿಗೆ ನಮ್ಮ ಆಶೀರ್ವಾದ. ಓದಿದ ಮೇಲೆ ಇದನ್ನು ಹರಿದುಹಾಕು.

ಇಂತು ನಿನ್ನ,
ವೆಂಕಟಗಿರಿ

ತಾ.ಕ.: ಸೋಮವಾರ ಬೆಳಿಗ್ಗೆ. ಗೋಂದು ಕಾಯಿಸಲು ಇಟ್ಟು ಹೊರಗೆ ಬಂದರೆ ಮುನಿತಾಯಮ್ಮ ಹಸುವಿನೊಂದಿಗೆ ನಮ್ಮ ಗೇಟಿನ ಮುಂದೆ ನಿಂತಿದ್ದಳು. ಅನಂತಲಕ್ಷ್ಮಿ ನನ್ನ ಕೈಗೆ ಪಾತ್ರೆ ಕೊಟ್ಟಳು. ನಿನಗೆ ಇನ್ನೂ ಒಂದನ್ನು ಮುಚ್ಚಿಟ್ಟಿದ್ದೆ. ಅಂದು ನಾನು ಬೀದಿಯಲ್ಲಿ ಕೂಗಾಡುತ್ತಿದ್ದಾಗ, ಬಿದ್ದಿದ್ದ ಜಿಮ್ಮಿಯನ್ನು ಎತ್ತಿ ಆಟೋದಲ್ಲಿ ಮಲಗಿಸಿದವಳು ಅವಳೇ. ಇವತ್ತು ಹಾಲು ಕರೆಯುತ್ತಾ, ತಲೆಯೆತ್ತದೆ ಅಂದಳು, "ನನ್ ಸೀರೆಗೆಲ್ಲ ಹರಳೆಣ್ಣೆ ಆಯ್ತು ಸ್ವಾಮ್ಯೋರೆ. ನೆಕ್ಕೈತೆ ಅಂತ ನಂಗೆ ಅವತ್ತೇ ಗೊತ್ತಾಯ್ತು." ಮತ್ತೆ ಬೀದಿಯವರಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ಹಬ್ಬದ್ ದಿವ್ಸ ಮೇಷ್ಟ್ರ ಮರ್ವಾದೆ ಯಾಕ್ ತೆಗೀಲಿ? ನೀವೇ ಯೋಳ್ತೀರಿ ಅಂತ ಸುಮ್ಕಾದೆ," ಎಂದಳು.

ಕಾರ್ಡು ಬರೆಯಬೇಡ. ಪಾತ್ರೆಯನ್ನು ಕೈಯಲ್ಲಿ ಹಿಡಿದೇ ಬೀದಿಯ ಮಧ್ಯೆ ಹೋಗಿ, ಅಂದು ಕೂಗಿದಷ್ಟೇ ಜೋರಾಗಿ, ಹರಳೆಣ್ಣೆಯ ಸಂಗತಿಯನ್ನೆಲ್ಲ ಹೇಳಿ ಬಂದೆ. ಕೆಲವರು ನಕ್ಕರು, ಕೆಲವರು ಬಾಗಿಲು ಹಾಕಿಕೊಂಡರು. ನಾಳೆ ಎಷ್ಟು ಮನೆಯವರು ಪಾತ್ರೆ ತರುತ್ತಾರೋ ತಿಳಿಯದು.