ಇಳಿಸದ ಲೋಡು ಮತ್ತು ನಿಮ್ಮ ಉಚಿತ ಸೇವೆ

ಮಾನ್ಯರೇ,

ಇವತ್ತು ನನಗೆ ಉಪವಾಸ. ನೀರು ತುಂಬಿ, ನೆಲ ಒರೆಸಿ, ಬಟ್ಟೆ ಹಿಂಡಿ ಹರವಿ, ಪ್ರಾರ್ಥನೆ ಮುಗಿಸಿ ಬರೆಯಲು ಕೂತಿದ್ದೇನೆ. ಉಪವಾಸದ ದಿನ ನಾನು ಸುಳ್ಳಾಡುವುದಿಲ್ಲ, ಬೈಯುವುದೂ ಇಲ್ಲ. ಎರಡನೆಯದು ಇವತ್ತು ಸ್ವಲ್ಪ ಕಷ್ಟ. ನಿಮ್ಮ ಗೇಮ್ ಕಂಪನಿ ನನ್ನ ಯಜಮಾನರ ಲಾರಿಯನ್ನು ಲೋಡಿನ ಸಮೇತ ಅಳಿಸಿಹಾಕಿದೆ. ಯಾರಾದರೂ ಮನುಷ್ಯರೊಡನೆ ಮಾತಾಡಬೇಕೆಂದರೆ, ಉಚಿತ ಸದಸ್ಯರಿಗೆ ಆ ಸೌಲಭ್ಯವಿಲ್ಲ ಎಂದು ನಿಮ್ಮ ಕಂಪ್ಯೂಟರು ಹೇಳುತ್ತದೆ. ಆದ್ದರಿಂದ ಗ್ರಾಹಕ ಸೇವೆಯ ಮುಖ್ಯಸ್ಥರಾದ ನಿಮಗೆ ನಾಲ್ಕು ಜನರ ಎದುರಿಗೇ, ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮವರು ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವರು. ಸಕ್ಕರೆ ಕಾಯಿಲೆಗೆ ಕಾಲು ತೆಗೆದ ಮೇಲೆ ಗೋಡೆ ನೋಡುತ್ತಾ ಮಲಗಿಬಿಟ್ಟರು. ಜೊತೆಯ ಡ್ರೈವರುಗಳು ಸೇರಿ ಟಿವಿಗೆ ಜೋಡಿಸಿ ಆಡುವ ನಿಮ್ಮ ಯಂತ್ರವನ್ನೂ ಅದರ ಲಾರಿ ಆಟವನ್ನೂ ತಂದುಕೊಟ್ಟರು. ಒಂಟಿಯಾಗಿ ಓಡಿಸಲು ಉಚಿತ ಸೇವೆ ಸಾಕಿತ್ತು. ಗೆಳೆಯರ ಜೊತೆ ಮಾತಾಡುತ್ತಾ ಸಾಲಾಗಿ ಓಡಿಸಲು ಹಣದ ಸೇವೆಯೇ ಬೇಕಿತ್ತು. ಕಟ್ಟಿದೆವು. ಆ ಒಂದು ವರ್ಷ ನೀವು ನಮ್ಮ ಮನೆಗೆ ಒಳ್ಳೆಯದನ್ನೇ ಮಾಡಿದಿರಿ. ಸದಾ ಹಾರ್ನ್ ಒತ್ತುವ ಚಾಳಿಯಿಂದ ಹಾರ್ನಣ್ಣ ಎಂದೇ ಹೆಸರಾದ ಗೆಳೆಯ ತನ್ನ ಮನೆಯಲ್ಲಿ, ಇವರು ನಮ್ಮ ಹಾಸಿಗೆಯಲ್ಲಿ ಕೂತು ಮಧ್ಯಾಹ್ನವೆಲ್ಲ ಬೈದಾಡುತ್ತಿದ್ದರು. ಇವರ ನಗು ಅಡುಗೆಮನೆಗೆ ಕೇಳುತ್ತಿತ್ತು.

ಕೊನೆಯ ಸಲ ಆಟದಲ್ಲಿ ಮರದ ದಿಮ್ಮಿ ತುಂಬಿಕೊಂಡು ಹೊರಟವರಿಗೆ ಅರ್ಧ ದಾರಿಯಲ್ಲೇ ಎದೆ ಹಿಡಿದುಕೊಂಡಿತು. ಲಾರಿಯನ್ನು ಬದಿಗೆ ಹಾಕಿ ಕಂಟ್ರೋಲರನ್ನು ನನ್ನ ಮಡಿಲಿಗಿಟ್ಟರು.

"ಲೋಡ್ ಇಳಿಸ್ದೆ ಗಾಡಿ ಬಿಟ್ಟು ಹೋದೋನು ಡ್ರೈವರ್ ಅಲ್ಲ ಕಣೇ. ನನ್ ಕೈಲಿ ಆಗ್ದಿದ್ರೆ ನೀನೇ ಇಳ್ಸು."

ನನಗೆ ಸೈಕಲ್ಲೇ ಬರುವುದಿಲ್ಲ ಎಂದೆ.

"ಇದಕ್ಕೆ ಲೈಸೆನ್ಸ್ ಕೇಳಲ್ಲ, ಬಿಡು."

ಆಸ್ಪತ್ರೆಯಿಂದ ಅವರು ಮರಳಲಿಲ್ಲ.

ಆ ವಾರವೇ ಸೇವೆ ಮುಂದುವರಿಸುವಿರಾ ಎಂದು ನಿಮ್ಮ ಪರದೆ ಕೇಳಿತು. ಒಂದು ಕಡೆ ಹಣದ್ದು, ಇನ್ನೊಂದು ಕಡೆ ಉಚಿತ. ಹಣದ ಕಡೆ ಗೆಳೆಯರ ಜೊತೆ ಆಟ, ತಿಂಗಳಿಗೊಂದು ಹೊಸ ಆಟ, ಆಡಿದ್ದನ್ನು ಕಾದಿಡುವ ಆನ್‌ಲೈನ್ ಸಂಗ್ರಹ. ಉಚಿತದ ಕಡೆ ಎಲ್ಲಕ್ಕೂ ಅಡ್ಡಗೀಟು. ಏಳನೇ ಕ್ಲಾಸು ಓದಿದವಳು, ಅಕ್ಷರ ಅಕ್ಷರ ಓದಿದೆ. ಇನ್ನು ಯಾರ ಜೊತೆ ಆಟ ಎಂದು ಉಚಿತವನ್ನು ಒತ್ತಿದೆ. ಇನ್ನು ಮುಂದೆ ಇಡಲು ಜಾಗವಿಲ್ಲ ಎಂದುಕೊಂಡೆನೇ ಹೊರತು, ಇಟ್ಟದ್ದನ್ನೂ ಎಸೆಯುತ್ತೀರಿ ಎಂದು ನನಗೆ ಹೇಗೆ ತಿಳಿಯಬೇಕು?

ಆರು ತಿಂಗಳು ಆ ಯಂತ್ರವನ್ನು ಮುಟ್ಟುವ ಧೈರ್ಯ ಬರಲಿಲ್ಲ. ಆಮೇಲೆ ಹಾರ್ನಣ್ಣ ಓಡಿಸಲು ಕಲಿಸುತ್ತೇನೆಂದು ಬಂದರು. "ಗೋಡೆಗೆ ಗುದ್ದಿದ್ರೂ ಚಿಂತೆ ಇಲ್ಲ ಅತ್ತಿಗೆ, ಈ ಗೋಡೆ ಜಗಳಕ್ಕೆ ಬರಲ್ಲ" ಎಂದರು. ಯಂತ್ರ ಶುರುವಾಗಲೇ ಇಲ್ಲ. ಒಳಗಿನ ಮೆಮೊರಿ ಸುಟ್ಟಿದೆ, ಆನ್‌ಲೈನಿನಲ್ಲಿ ಪ್ರತಿ ಇರುತ್ತದೆ ಎಂದು ರಿಪೇರಿಯವರು ಹೊಸದು ಹಾಕಿದರು. ಮತ್ತೆ ಹಣ ಕಟ್ಟಿ ತೆರೆದರೆ ಖಾಲಿ. ಸೇವೆ ನಿಂತ ಆರು ತಿಂಗಳಿಗೆ ಅಳಿಸುತ್ತೀರಂತೆ. ನಾನು ಹೋದದ್ದು ಹನ್ನೊಂದು ದಿನ ತಡವಾಗಿ. ಮತ್ತೆ ಕಟ್ಟಿದವಳನ್ನು ನಿಮ್ಮ ಕಂಪ್ಯೂಟರು ಇನ್ನೂ ಉಚಿತ ಎಂದೇ ಕರೆಯುತ್ತಿದೆ.

ಉಚಿತಕ್ಕೂ ಹಣದ್ದಕ್ಕೂ ವ್ಯತ್ಯಾಸವಿರಲಿ, ಮಾನ್ಯರೇ. ನಾನು ಪುಕ್ಕಟೆ ಬೇಡುತ್ತಿಲ್ಲ. ಕಟ್ಟಿದರೆ ಏನು ಸಿಗುತ್ತದೆ ಎಂದು ಅಷ್ಟು ದಪ್ಪಕ್ಷರದಲ್ಲಿ ಬರೆದ ನಿಮಗೆ, ಬಿಟ್ಟರೆ ಏನು ಹೋಗುತ್ತದೆ ಎಂದು ಬರೆಯುವಾಗ ಮಾತ್ರ ಜಾಗ ಸಾಲದಾಯಿತೇ? ಬಾಡಿಗೆ ಕೊಡದವರ ಸಾಮಾನನ್ನು ಮನೆ ಮಾಲೀಕ ಬೀದಿಗೆ ಹಾಕಿಯಾನು, ಸುಟ್ಟುಹಾಕುವುದಿಲ್ಲ. ಒತ್ತಿದ ಬೆರಳು ನನ್ನದೇ, ಒಪ್ಪುತ್ತೇನೆ. ದಿನಾ ಪ್ರಾರ್ಥನೆಯಲ್ಲಿ ದೇವರಿಗೆ ಮೊದಲು ಹೇಳುವುದೂ ಅದನ್ನೇ.

ನಿಮ್ಮಲ್ಲಿ ಇನ್ನೊಂದು ಪ್ರತಿ ಎಲ್ಲಾದರೂ ಉಳಿದಿರಬಹುದೆಂದು ರಿಪೇರಿಯವರು ಹೇಳುತ್ತಾರೆ. ಅದನ್ನು ಮನುಷ್ಯರ ಕೈಲಿ ಹುಡುಕಿಸಿ. ಸಿಕ್ಕರೆ ಒಂದೇ ಒಂದು ಸಲ ಓಡಿಸಿ ಲೋಡು ಇಳಿಸುತ್ತೇನೆ. ಸಿಗದಿದ್ದರೆ ಉಚಿತದ ಅಡ್ಡಗೀಟಿನ ಕೆಳಗೆ "ಇಟ್ಟದ್ದು ಅಳಿಯುತ್ತದೆ" ಎಂದು ಎರಡು ಪದ ಸೇರಿಸಿ.

ಉತ್ತರವನ್ನು ಪತ್ರಿಕೆಯ ಕಚೇರಿಗೆ ಕಳಿಸಿ. ಹಾರ್ನಣ್ಣ, ಇದನ್ನು ಓದಿದರೆ ಟ್ರಿಪ್ ಮುಗಿಸಿ ಬರುವಾಗ ಅಲ್ಲಿ ನಿಲ್ಲಿಸಿ ನನಗೆ ಬಂದ ಕಾಗದ ತಂದುಕೊಡಿ. ಇಲ್ಲ ಎಂದು ಬರೆದಿದ್ದರೂ ತನ್ನಿ. ದಾರಿಯಲ್ಲಿ ಒಡೆದು ನೋಡಿ, ಅತ್ತಿಗೆ ನೊಂದುಕೊಂಡಾಳು ಎಂದು ಜೇಬಿನಲ್ಲೇ ಉಳಿಸಿಕೊಳ್ಳಬೇಡಿ.

ಇಂತಿ,
ಉಚಿತವನ್ನು ಒತ್ತಿದವಳು