ನಿನ್ನ ಸರದಿಗೆ ಎದ್ದವನು

ಮಸ್ಕೋಗಿ, ಓಕ್ಲಹೋಮ
೬ ಅಕ್ಟೋಬರ್ ೧೯೩೮, ಗುರುವಾರ

ಪ್ರೀತಿಯ ಲೂಷಿಯಸ್,

ಕ್ಷೇಮವೇ ಎಂದು ಕೇಳಲೂ ಬಾಯಿ ಬರುತ್ತಿಲ್ಲ. ನಮ್ಮೂರ ಹೋಟೆಲುಗಳಲ್ಲಿ ನಮ್ಮ ಕಪ್ಪು ಬಣ್ಣದವರಿಗೆ ಹಾಸಿಗೆ ಇಲ್ಲವಾದ್ದರಿಂದ ನೀನು ನನ್ನ ಮಗ ಥರ್ಮನ್ ಜೊತೆ ನಮ್ಮ ಮನೆಯಲ್ಲೇ ತಂಗಿದೆ. ನಾನು ಹುರಿದ ಕೋಳಿಯನ್ನು ನೀನು ಎರಡು ಸಲ ಬಡಿಸಿಕೊಂಡೆ. ಅಂಥ ಅತಿಥಿಗೆ ನಾನು ಮಾಡಿದ್ದನ್ನು ನೆನೆದರೆ ತಲೆ ಎತ್ತಲಾಗುತ್ತಿಲ್ಲ.

ಊಟದ ಹೊತ್ತಿಗೆ ನಿಮ್ಮ ಬ್ಯಾಂಡಿನ ರೆಕಾರ್ಡು ಹಾಕಿದೆನಲ್ಲ, ಅದರ ಮೇಲೆ ಬ್ಯಾಂಡಿನ ಯಜಮಾನರ ಹೆಸರು ಬಿಟ್ಟರೆ ಇನ್ಯಾರದೂ ಇಲ್ಲ. ನಡುವೆ ಒಂಟಿ ಸ್ಯಾಕ್ಸೊಫೋನು ಬಂದ ಕೂಡಲೇ ಪಕ್ಕದ ಮನೆಯ ಬ್ಯೂಲಾಗೆ, "ಕೇಳೇ, ಇವ್ನೇ ನನ್ ಮಗ" ಅಂದೆ. ಥರ್ಮನ್ ತಟ್ಟೆಯಿಂದ ಕಣ್ಣು ಎತ್ತಲಿಲ್ಲ. ನೀನು ಮಾತ್ರ, "ಚೆನ್ನಾಗ್ ಊದಿದಾನಮ್ಮ" ಅಂದೆ.

ಊದಿದ್ದು ನೀನು. ಥರ್ಮನ್ ಅಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಚಿಕ್ಕಂದಿನಲ್ಲಿ ನ್ಯುಮೋನಿಯಾ ಆದಾಗಿನಿಂದ ಥರ್ಮನ್‌ಗೆ ದಮ್ಮು ಸಾಲದು. ಉದ್ದನೆಯ ಸ್ವರದ ನಡುವೆ ಉಸಿರು ತೆಗೆದುಕೊಳ್ಳಲೇಬೇಕು. ರೆಕಾರ್ಡಿನಲ್ಲಿ ಆ ಜಾಗದಲ್ಲಿ ಉಸಿರೇ ಇಲ್ಲ. ಊರವರ ಬಟ್ಟೆ ಒಗೆದು ಅವನಿಗೆ ವಾದ್ಯ ಕೊಡಿಸಿದವಳು ನಾನು. ವರ್ಷಗಟ್ಟಲೆ ಬ್ಯಾಂಡಿನ ಸಾಲಿನಲ್ಲಿ ಕೂತೇ ನುಡಿಸಿದ್ದಾನೆ, ಒಂದು ದಿನವೂ ಎದ್ದು ಒಬ್ಬನೇ ನುಡಿಸಿದ್ದಿಲ್ಲ. ರೆಕಾರ್ಡಿನ ಆ ಸೋಲೋ ತನ್ನದೇ ಎಂದು ಅವನು ಕಾಗದ ಬರೆದಾಗ ನಂಬಿಕೊಳ್ಳುವುದು ಹಿತವಾಗಿತ್ತು.

ಶನಿವಾರ ನಮ್ಮೂರ ಡ್ಯಾನ್ಸ್ ಹಾಲಿನಲ್ಲಿ ನಿಮ್ಮ ಬ್ಯಾಂಡು ನುಡಿಸುವಾಗ ಆ ಹಾಡು ಬಂತು. ಚರ್ಚಿನ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಿನ್ನ ಸರದಿ ಬಂದು ನೀನು ಅರ್ಧ ಎದ್ದಿದ್ದೆ. ಆಗ ಕೂಗಿದವಳು ನಾನೇ: "ಏಳೋ ಥರ್ಮನ್, ನಮ್ಮೂರೋರು ಕೇಳ್ಲಿ." ಹಾಲಿಗೆ ಹಾಲೇ ಅವನ ಹೆಸರು ಹಿಡಿದು ಕೂಗಿತು. ನೀನು ಕೂತೆ, ಅವನ ಮೊಣಕೈ ತಟ್ಟಿದೆ. ಅವನು ಎದ್ದು ರೆಕಾರ್ಡಿನಲ್ಲಿದ್ದ ನಿನ್ನ ಸ್ವರಗಳನ್ನೇ ಒಂದೂ ಬಿಡದೆ ನುಡಿಸಿದ. ಜನಕ್ಕೆ ಬೇಕಾಗಿದ್ದೂ ಅದೇ. ಆ ಉದ್ದನೆಯ ಸ್ವರದ ನಡುವೆ ಮಾತ್ರ ಉಸಿರು ತೆಗೆದುಕೊಂಡ. ನೀನು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದೆ. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ, ನಾಚಿಕೆಗೆಟ್ಟವಳು.

ಮರುದಿನ ಬೆಳಿಗ್ಗೆ ನಿಮ್ಮ ಬ್ಯಾಂಡಿನ ಬಸ್ಸು ಹತ್ತುವ ಮುಂಚೆ ಅವನು ನನ್ನನ್ನು ತಬ್ಬಿಕೊಂಡ, ಮುಖ ಮಾತ್ರ ತೋರಿಸಲಿಲ್ಲ. ಅವನನ್ನು ಬಯ್ಯಬೇಡ. ಸುಳ್ಳು ಅವನದಾದರೂ ಊರೆದುರು ಎಬ್ಬಿಸಿ ನಿಲ್ಲಿಸಿದ್ದು ನಾನು. ಈ ಭಾನುವಾರ ಚರ್ಚಿನಲ್ಲಿ ಎದ್ದು ಎಲ್ಲರ ಮುಂದೆ ನಿನ್ನ ಹೆಸರು ಹೇಳುತ್ತೇನೆ. ಹೇಳಿದ ಮೇಲೆಯೇ ಈ ಕಾಗದ ಅಂಚೆಗೆ ಹಾಕುತ್ತೇನೆ.

ಇಂತಿ, ನಿನಗೆ ಬಡಿಸಿದ ಕೈಯಿಂದಲೇ ನಿನ್ನದನ್ನು ಕಿತ್ತುಕೊಂಡ
ಒಫೀಲಿಯಾ ಗ್ರೇಡಿ

ತಾ.ಕ.: ಭಾನುವಾರ ಕಳೆಯಿತು. ದೇವರ ಕೃಪೆಗೆ ಸಾಕ್ಷಿ ಹೇಳುವವರು ಏಳಿ ಎಂದು ಪಾದ್ರಿಗಳು ಕರೆದಾಗ ಎದ್ದೆ. ನಾನು ಬಾಯಿ ತೆರೆಯುವ ಮೊದಲೇ, ಥರ್ಮನ್‌ನ ತಾಯಿ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. "ಎಲ್ಲಾ ದೇವ್ರ ದಯೆ" ಎಂದಷ್ಟೇ ಹೇಳಿ ಕೂತುಬಿಟ್ಟೆ. ಆದರೂ ಕಾಗದ ಕಳಿಸುತ್ತಿದ್ದೇನೆ. ನನಗೆ ಗೊತ್ತಿತ್ತು ಎನ್ನುವುದು ನಿನಗೊಬ್ಬನಿಗಾದರೂ ಗೊತ್ತಿರಲಿ.