ಮಾಮನ ಕಾಲ್‌ಸೈನ್

14 ಆಗಸ್ಟ್ 2003, ಗುರುವಾರ, ಪಲ್ಲಾವರಂ

ಇಲ್ಲ ದಾಮೋದರ ಮಾಮ, ನಿಮ್ಮ ಹೆಸರು ಕೆಡಿಸಬೇಕೆಂದು ಮಾಡಿದ್ದಲ್ಲ. "ಲೈಸೆನ್ಸ್ ಬರುವವರೆಗೆ ಬರೀ ಕೇಳು ಮಾರಾಯ, ಸಂದೇಶ ಒತ್ತುವ ಕೀ ಮುಟ್ಟಲಿಕ್ಕಿಲ್ಲ" ಎಂದು ಹೇಳಿಯೇ ಆ ಪುಟ್ಟ ಹ್ಯಾಮ್ ರೇಡಿಯೋ ಸೆಟ್ ಕೊಟ್ಟಿದ್ದಿರಿ. ಮೂರು ವಾರ ಕೇಳಿ ಕೇಳಿ ಸಾಕಾಯಿತು. ಇವತ್ತು ಸಂಜೆ ನಾನು ಕೆಲಸ ಮಾಡುವ ಹೋಟೆಲಿನ ತಾರಸಿಯಲ್ಲಿ ಏರಿಯಲ್ ತಂತಿ ಕಟ್ಟಿ, ನಿಮ್ಮ ಲೈಸೆನ್ಸಿನ ಗುರುತಾದ ಕಾಲ್‌ಸೈನನ್ನೇ ಹಾಕಿ, ಮೋರ್ಸಿನ ಚುಕ್ಕೆ-ಗೆರೆಗಳಲ್ಲಿ ಕರೆದೆ. ಇಷ್ಟು ಸಣ್ಣ ಸೆಟ್ಟಿಗೆ ಯಾರು ಓಗೊಡುತ್ತಾರೆ ಅಂದುಕೊಂಡಿದ್ದೆ.

ತೂತ್ತುಕುಡಿಯಿಂದ ನಿಮ್ಮ ಗೆಳೆಯ ಸೆಲ್ವರಾಜ್ ಓಗೊಟ್ಟರು. ಖುಷಿಯಿಂದ ಕೀ ಒತ್ತತೊಡಗಿದೆ. ಎರಡು ಸಾಲು ಕಳಿಸುವಷ್ಟರಲ್ಲಿ ಅವರು ತಡೆದು, "ಇದು ದಾಮೋದರನ ಕೈ ಅಲ್ಲ. ನೀನು ಯಾರು? ಅವನಿಗೆ ಏನಾಯ್ತು?" ಎಂದು ಕೇಳಿದರು. ಕೀ ಒತ್ತುವ ಲಯದಲ್ಲೇ ಆಳು ಯಾರೆಂದು ಗೊತ್ತಾಗುತ್ತದೆ ಎಂದು ನೀವು ಹೇಳಿದ್ದನ್ನು ನಾನು ನಂಬಿರಲಿಲ್ಲ.

ಹೆದರಿ, ನನ್ನ ಹೆಸರು ಹೇಳದೆಯೇ ಸ್ವಿಚ್ ಆರಿಸಿಬಿಟ್ಟೆ. ಹೋದ ತಿಂಗಳಷ್ಟೇ ಎದೆಯ ಆಪರೇಷನ್ ಆದ ಗೆಳೆಯ ಹೋಗಿಯೇಬಿಟ್ಟ ಅಂದುಕೊಂಡು ಆ ಮನುಷ್ಯ ಕೂತಿರಬಹುದು. ಥೂ, ಎಂಥವನು ನಾನು.

ಬೂತಿನಿಂದ ಎರಡು ಸಲ ನಿಮಗೆ ಫೋನ್ ಮಾಡಿ, ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ನೀವಿರುವ ಕೀಲ್ಪಾಕಿಗೆ ಇನ್ನೂ ಬಸ್ಸಿದೆ. ಸೆಟ್ಟನ್ನು ಚೀಲಕ್ಕೆ ಹಾಕಿದ್ದೇನೆ. ನಿಮ್ಮೆದುರು ನಿಂತೇ ಹೇಳುತ್ತೇನೆ, ಕ್ಷೇಮವಾಗಿದ್ದೀರೆಂದು ಸೆಲ್ವರಾಜರಿಗೂ ನೀವೇ ಒಂದು ಮಾತು... ಬಾಗಿಲು ಎಳೆದುಕೊಂಡು ಹೊರಟೆ.